ಚೀಟಿಯಲ್ಲಿ ಹೆಸರಿರಲಿಲ್ಲ, ಶಾಯಿ ಹಸಿರಿತ್ತು

ಮಾನ್ಯ ಸಂಪಾದಕರೇ,

ಕಚೇರಿಯ ಶಿಬಿರದಲ್ಲಿ ಮನಸ್ಸು ಬಿಚ್ಚಿ ಆಡಿದ ಮಾತು ವಾರದೊಳಗೆ ಮೇಲಧಿಕಾರಿಯ ಕಿವಿ ಮುಟ್ಟಿತು ಎಂದು ಓದುಗರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ನೊಂದು ಬರೆದಿದ್ದರು. 18 ವರ್ಷಗಳಿಂದ ಇಂಥ ಶಿಬಿರಗಳನ್ನು ನಡೆಸುತ್ತಿರುವ ಫೆಸಿಲಿಟೇಟರ್ ನಾನು; ಗುಂಪಿನ ಚರ್ಚೆಯನ್ನು ನಡೆಸಿಕೊಡುವುದು ನನ್ನ ಕೆಲಸ. ಒಬ್ಬೊಬ್ಬರೊಂದಿಗೇ ಕೂತು ಅವರ ಕೆಲಸದ ಬಗ್ಗೆ ಮಾತಾಡುವ ಕೋಚಿಂಗ್ ಕೂಡ ಮಾಡುತ್ತೇನೆ. ಆ ಪತ್ರ ಓದಿ ಸುಮ್ಮನಿರಲಾಗಲಿಲ್ಲ. ಅದೇ ತಪ್ಪು ನನ್ನ ಕೈಯಿಂದಲೂ ಆಗಿದೆ.

ಆಗ ವೃತ್ತಿಗೆ ಬಂದು ಎರಡನೇ ವರ್ಷ. ಒಂದು ಸಂಸ್ಥೆಯ 22 ಮಂದಿಗೆ ಎರಡು ದಿನದ ಶಿಬಿರ. ‘ನಮ್ಮ ಕೆಲಸಕ್ಕೆ ಅಡ್ಡಿಯಾಗಿರುವುದೇನು?’ ಎಂದು ಕೇಳಿ, ಹೆಸರು ಹಾಕದೆ ಚೀಟಿಯಲ್ಲಿ ಬರೆಯಲು ಹೇಳಿದ್ದೆ. ಒಂದು ಚೀಟಿಯಲ್ಲಿ ‘ಲೆಕ್ಕದ ತಪ್ಪು ತೋರಿಸಿದರೆ ಸಾಹೇಬರು ಸಿಟ್ಟಾಗುತ್ತಾರೆ, ಅದಕ್ಕೇ ಯಾರೂ ತೋರಿಸುವುದಿಲ್ಲ’ ಎಂದಿತ್ತು. ಮಧ್ಯಾಹ್ನದ ಚರ್ಚೆಗೆ ಜೀವ ಬಂದದ್ದೇ ಆ ಮಾತಿನಿಂದ. ಸಂಜೆ ಮುಖ್ಯಸ್ಥರು, ‘ಚೀಟಿಗಳನ್ನು ಕೊಟ್ಟಿರಿ, ನಿಧಾನವಾಗಿ ಓದುತ್ತೇನೆ’ ಎಂದರು. ಕರೆಸಿದವರು ಅವರು, ಹಣ ಕೊಡುವವರೂ ಅವರೇ. ರಬ್ಬರ್ ಬ್ಯಾಂಡ್ ಹಾಕಿ ಇಡೀ ಕಟ್ಟನ್ನೇ ಕೊಟ್ಟುಬಿಟ್ಟೆ. ಆ ಚೀಟಿ ಮಾತ್ರ ಹಸಿರು ಶಾಯಿಯಲ್ಲಿತ್ತು. ಆ ಕಚೇರಿಯಲ್ಲಿ ಹಸಿರು ಪೆನ್ನು ಇಟ್ಟುಕೊಂಡಿದ್ದವರು ಒಬ್ಬರೇ. ತಿಂಗಳೊಳಗೆ ಅವರನ್ನು ಬೇರೆ ವಿಭಾಗಕ್ಕೆ ಎತ್ತಿಹಾಕಿದರು. ‘ಹೆಸರು ಬೇಡ ಅಂದ್ರಿ, ನಂಬಿ ಬರೆದೆ’ ಎಂದು ಅವರು ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಫೆಸಿಲಿಟೇಟರ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಎಎಫ್ 2004ರಲ್ಲೇ ನೀತಿಸಂಹಿತೆಯೊಂದನ್ನು ಅಂಗೀಕರಿಸಿದೆ. ಗುಂಪಿನೊಳಗೆ ನಡೆದ ಚರ್ಚೆಯನ್ನಾಗಲಿ, ಒಬ್ಬೊಬ್ಬರ ಅಭಿಪ್ರಾಯ, ನಡವಳಿಕೆಯನ್ನಾಗಲಿ ಒಪ್ಪಿಗೆಯಿಲ್ಲದೆ ವರದಿ ಮಾಡಬಾರದು ಎನ್ನುತ್ತದೆ ಅದು. ನಾನದನ್ನು ಓದಿದ್ದೆ. ಆದರೆ ಹೊರಗಿನವರಿಗೆ ಹೇಳಬಾರದು ಎಂದಷ್ಟೇ ತಿಳಿದುಕೊಂಡಿದ್ದೆ. ಸಂಸ್ಥೆಯ ಒಳಗಿನವರಿಗೂ ಅದು ಅನ್ವಯಿಸುತ್ತದೆ ಎಂಬುದು ಆ ಫೋನ್ ಬಂದ ಮೇಲೆ ಅರ್ಥವಾಯಿತು.

ಈಗ ಎಲ್ಲರಿಗೂ ಒಂದೇ ಬಗೆಯ ಕಪ್ಪು ಮಾರ್ಕರ್ ಕೊಡುತ್ತೇನೆ. ಮಾತುಗಳನ್ನು ಕಲೆಸಿ ಟೈಪ್ ಮಾಡಿ, ಗುಂಪಿಗೆ ತೋರಿಸಿ, ಅವರು ಒಪ್ಪಿದ್ದಷ್ಟನ್ನೇ ವರದಿಗೆ ಸೇರಿಸುತ್ತೇನೆ. ಮೂಲ ಚೀಟಿಗಳನ್ನು ಅವರೆದುರೇ ಹರಿಯುತ್ತೇನೆ. ಯಾರ ಕೈಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಕರೆಸಿದವರೊಂದಿಗೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಕೊಂಡಿರುತ್ತೇನೆ. ಇದರಿಂದ ಎರಡು ಕೆಲಸ ಕೈತಪ್ಪಿವೆ. ತಪ್ಪಲಿ.

ಕೋಚಿಂಗ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ಕೋಣೆಯಲ್ಲಿ ಇರುವವರು ಇಬ್ಬರೇ. ಹೊರಗೆ ಬಿದ್ದ ಮಾತು ಯಾರದೆಂದು ಊಹಿಸುವ ಅಗತ್ಯವೂ ಇರುವುದಿಲ್ಲ. ಕೋಚ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಸಿಎಫ್‌ನ ಸಂಹಿತೆ ಹಣ ಕೊಡುವ ಪ್ರಾಯೋಜಕರನ್ನೂ ಎದುರು ಕುಳಿತು ಕೋಚಿಂಗ್ ಪಡೆಯುವ ಕಕ್ಷಿದಾರರನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ‘ಆತ ಹೇಗಿದ್ದಾನೆ, ಬಡ್ತಿಗೆ ಲಾಯಕ್ಕೇ?’ ಎಂದು ಸಿಬ್ಬಂದಿ ವಿಭಾಗದವರು ಕಾಫಿ ಕುಡಿಯುತ್ತ ಕೇಳುತ್ತಾರೆ. ಎಷ್ಟು ಭೇಟಿಗಳು ನಡೆದವು ಎಂಬುದನ್ನು ಹೇಳುತ್ತೇನೆ, ಅದೂ ಒಪ್ಪಂದದಲ್ಲಿ ಇದ್ದರೆ ಮಾತ್ರ. ಪ್ರಾಣಾಪಾಯವಿದ್ದಾಗ ಅಥವಾ ಕಾನೂನು ಕೇಳಿದಾಗ ಮೌನ ಮುರಿಯಬೇಕಾಗುತ್ತದೆ. ಅದನ್ನು ಮೊದಲ ಭೇಟಿಯಲ್ಲೇ ಕಕ್ಷಿದಾರರಿಗೆ ಹೇಳಿಬಿಡುತ್ತೇನೆ.

ಗುಟ್ಟು ಬಿಟ್ಟುಕೊಡದೆಯೂ ನಂಬಿಕೆ ಕೆಡಿಸಬಹುದು. ‘ಕೆಲಸ ಹಂಚುವುದರಲ್ಲಿ ಅನ್ಯಾಯವಾಗುತ್ತಿದೆ’ ಎಂದು ಒಬ್ಬರು ಹೇಳಿದ್ದನ್ನು ಬೋರ್ಡಿನ ಮೇಲೆ ‘ಕೆಲಸ ಹಂಚಿಕೆಯ ಸವಾಲುಗಳು’ ಎಂದು ಬರೆದವರನ್ನು ನೋಡಿದ್ದೇನೆ. ಹೇಳಿದವರು ಬೋರ್ಡನ್ನೊಮ್ಮೆ ನೋಡಿದರು, ಆಮೇಲೆ ದಿನವಿಡೀ ಬಾಯಿ ತೆರೆಯಲಿಲ್ಲ.

ಆ ಓದುಗರಿಗೂ ಅವರಂಥ ಎಲ್ಲರಿಗೂ ನನ್ನ ಕೋರಿಕೆ ಇಷ್ಟು. ಶಿಬಿರ ಶುರುವಾಗುವ ಮೊದಲೇ ಕೈಯೆತ್ತಿ, ‘ಈ ಚೀಟಿಗಳು ಆಮೇಲೆ ಎಲ್ಲಿಗೆ ಹೋಗುತ್ತವೆ?’ ಎಂದು ಕೇಳಿ. ಸ್ಪಷ್ಟ ಉತ್ತರ ಬರುವವರೆಗೆ ಬರೆಯಬೇಡಿ. ಸಂಸ್ಥೆಗಳು ಕೂಡ ಶುಲ್ಕ ವಿಚಾರಿಸುವಾಗಲೇ ಯಾವ ನೀತಿಸಂಹಿತೆಗೆ ಬದ್ಧರಾಗಿದ್ದೀರಿ ಎಂದು ವಿಚಾರಿಸಲಿ.

ಹಸಿರು ಶಾಯಿಯ ವಿಷಯ ಬರೆಯಲು ಆ ವ್ಯಕ್ತಿಯ ಒಪ್ಪಿಗೆ ಕೇಳಿದೆ. ‘ಬರೆಯಿರಿ, ಸಂಸ್ಥೆಯ ಹೆಸರು ಮಾತ್ರ ಬೇಡ’ ಎಂದರು. ನನ್ನ ಹೆಸರಿನಿಂದ ಅದರ ಸುಳಿವು ಸಿಗಬಹುದು, ದಯವಿಟ್ಟು ಅದನ್ನೂ ಪ್ರಕಟಿಸಬೇಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬರು