ಪ್ರವಾಸದ ಬಸ್ಸು ಇಟಗಿಯಲ್ಲೂ ನಿಲ್ಲಲಿ

ಮಾನ್ಯ ಸಂಪಾದಕರೇ,

ಶಾಲಾ ಪ್ರವಾಸದ ದಿನಗಳು ಬಂದವೆಂದರೆ ನಮ್ಮ ಕೊಪ್ಪಳ, ಗದಗ ಭಾಗದಿಂದ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಬೇಲೂರು, ಹಳೇಬೀಡಿನ ಕಡೆಗೆ ಹೊರಡುತ್ತವೆ. ಆ ಗುಡಿಗಳೂ ಸೋಮನಾಥಪುರವೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ನಾಡಿಗೇ ಹೆಮ್ಮೆ, ಮಕ್ಕಳು ಅವನ್ನು ನೋಡಲೇಬೇಕು. ಆದರೆ ಕುಕನೂರಿನ ಮಗ್ಗುಲಲ್ಲೇ ಇರುವ ಇಟಗಿಯ ಮಹಾದೇವ ದೇವಾಲಯವನ್ನು ದಾಟಿಕೊಂಡು ಅಷ್ಟು ದೂರ ಹೋಗುವುದನ್ನು ಕಂಡರೆ ಸಂಕಟವಾಗುತ್ತದೆ.

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಈ ಗುಡಿಯನ್ನು ಕಟ್ಟಿಸಿದ್ದು 1112ರಲ್ಲಿ. ಇಲ್ಲಿನ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರದು. ಆಗ ಹೊಯ್ಸಳರು ಈ ಚಾಲುಕ್ಯರ ಸಾಮಂತರು. ಬೇಲೂರಿನ ಮದನಿಕೆಯರನ್ನು ಕಡೆದವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಚಾಲುಕ್ಯರ ಕಾಲದಲ್ಲಿ ಹೆಸರಾಗಿದ್ದ ಬಳ್ಳಿಗಾವೆಯವರು. ಬೇಲೂರನ್ನು ಕಂಡು ಬೆರಗಾದ ಮಗುವಿಗೆ ಆ ಕೈಚಳಕ ಎಲ್ಲಿ ಪಳಗಿತು ಎಂಬುದನ್ನು ತೋರಿಸಬೇಕಾದರೆ ಇಟಗಿಗೇ ಕರೆತರಬೇಕು.

ಕಳೆದ ಬಾರಿ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಮುಂದಿನ ತೆರೆದ ಮಂಟಪದಲ್ಲಿ ದೊಡ್ಡ ಕಂಬಗಳು ನೆಲದ ಮೇಲೂ ಗಿಡ್ಡ ಕಂಬಗಳು ಸುತ್ತಲಿನ ಕಕ್ಷಾಸನದ, ಎಂದರೆ ಒರಗಿ ಕೂರುವ ಕಲ್ಲಿನ ಜಗಲಿಯ ಮೇಲೂ ನಿಂತು ಚಾವಣಿಯನ್ನು ಹೊತ್ತಿವೆ. ಅವಳು ಒಂದು ಕಂಬದ ಸುತ್ತ ಬಂದು, ಅದರ ನಡುವಿನ ಬಳೆಯಂಥ ಗೆರೆಗಳನ್ನು ದಿಟ್ಟಿಸಿ, "ಅಜ್ಜಾ, ಇದನ್ನ ಯಾವ ಮಷಿನ್‌ನಾಗ ಮಾಡ್ಯಾರ?" ಎಂದು ಕೇಳಿದಳು. ಬುಗುರಿಯನ್ನು ಕಡೆಯುವಂತೆ ಕಲ್ಲನ್ನೇ ತಿರುಗಿಸುತ್ತ ಉಳಿ ಹಿಡಿದು ಕಡೆದ ಗುರುತು ಅದು. ಬಾದಾಮಿ, ಐಹೊಳೆಗಳ ಮರಳುಗಲ್ಲಿನಲ್ಲಿ ಈ ನಯ ಸಾಧ್ಯವಿರಲಿಲ್ಲ; ಹನ್ನೊಂದನೆಯ ಶತಮಾನದ ಶಿಲ್ಪಿಗಳು ಮೆದುವಾದ, ನುಣುಪಾದ ಬಳಪದ ಕಲ್ಲಿಗೆ ಹೊರಳಿದ ಮೇಲೆಯೇ ಇಂಥ ಕಂಬಗಳೂ, ಬಾಗಿಲವಾಡಗಳ ದಾರದೆಳೆಯಂಥ ಬಳ್ಳಿಗಳೂ, ಚಾವಣಿಯ ಸಿಂಹಮೊಗದಂಥ ಕೀರ್ತಿಮುಖಗಳೂ ಮೂಡಿದವು. ಶಿಖರದ ತುದಿಯ ಕಳಶ ಇಂದು ಉಳಿದಿಲ್ಲ, ಆದರೂ ಅಂತಸ್ತು ಅಂತಸ್ತಾಗಿ ಏರುವ ಅದರ ದ್ರಾವಿಡ ವಿನ್ಯಾಸವನ್ನು ಮಕ್ಕಳು ಕೆಳಗಿನಿಂದಲೇ ಎಣಿಸಬಹುದು.

ಅದೇ ಹೊತ್ತಿಗೆ ಬಂದಿದ್ದ ಒಂದು ಶಾಲೆಯ ಶಿಕ್ಷಕರು ಇದು ಹೊಯ್ಸಳರ ಗುಡಿ ಎಂದು ಹೇಳುತ್ತಿದ್ದರು. ಅಲ್ಲೇ ಒಂದು ಕಂಬದ ಮೇಲೆ ಯಾರೋ ಮೊಳೆಯಿಂದ ತಮ್ಮ ಹೆಸರು ಕೆತ್ತಿದ್ದರು. ಒಂಬೈನೂರು ವರ್ಷ ಮಳೆ, ಬಿಸಿಲನ್ನು ತಡೆದ ಕಲ್ಲಿನ ಮೇಲಿನ ಆ ಗೀರನ್ನು ನಾನು ಇನ್ನೂ ಮರೆತಿಲ್ಲ.

ಶಾಲೆಗಳ ಆಡಳಿತದವರಲ್ಲಿ ನನ್ನ ವಿನಂತಿ ಇಷ್ಟೇ: ಪ್ರವಾಸದಲ್ಲಿ ಒಂದು ದಿನವನ್ನು ಚಾಲುಕ್ಯರಿಗೆಂದೇ ಮೀಸಲಿಡಿ. ಬೆಳಿಗ್ಗೆ ಕುಕನೂರಿನಲ್ಲಿ ಅವರಿಗಿಂತ ಮುಂಚಿನ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ ಮತ್ತು ಕಲ್ಲೇಶ್ವರ ಗುಡಿ, ಬಳಿಕ ಇಟಗಿ, ಇಳಿಹೊತ್ತಿಗೆ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಹಾಗೂ ಕಾಶಿವಿಶ್ವೇಶ್ವರ ದೇವಾಲಯ, ಇಷ್ಟನ್ನೂ ಅವಸರವಿಲ್ಲದೆ ನೋಡಬಹುದು. ಹೊರಡುವ ಮುನ್ನ ಕಟ್ಟಿಸಿದವರ ಹೆಸರನ್ನೂ ಇಸವಿಯನ್ನೂ ತರಗತಿಯ ಹಲಗೆಯ ಮೇಲೆ ಬರೆದು, ಕಂಬಗಳ ಮೇಲೆ ಏನನ್ನೂ ಗೀಚಬಾರದೆಂದು ತಿಳಿಹೇಳಿ ಕರೆತನ್ನಿ.

ಇತಿ,
ನಿವೃತ್ತ ಶಿಕ್ಷಕ, ಕೊಪ್ಪಳ ಜಿಲ್ಲೆ