ಗೆಳೆಯನಿಗೊಂದು ಪತ್ರ: ಫೋನಿನ ಖರ್ಚನ್ನು ವರ್ಷದ ಲೆಕ್ಕದಲ್ಲಿ ನೋಡು

ಪ್ರಿಯ ಗೆಳೆಯಾ,

ಕಾರ್ಖಾನೆಯಲ್ಲಿ ಎರಡನೆಯ ಪಾಳಿ ನಿಂತ ಮೇಲೆ ನಿನ್ನ ಕೈಗೆ ಬರುವ ಸಂಬಳ ಬಹಳ ಇಳಿದಿದೆ ಎಂದು ಬರೆದಿದ್ದೀಯ. ಬಾಡಿಗೆ, ಮಗನ ಕಾಲೇಜಿನ ಶುಲ್ಕ, ಅಮ್ಮನ ಔಷಧ, ಇವುಗಳಲ್ಲಿ ಯಾವುದನ್ನೂ ಮುಟ್ಟುವ ಹಾಗಿಲ್ಲ. ಫೋನು ಮತ್ತು ಇಂಟರ್ನೆಟ್ಟಿನ ಖರ್ಚನ್ನಾದರೂ ಇಳಿಸಬಹುದೇ ಎಂದು ಕೇಳಿದ್ದೀಯ. ಇಳಿಸಬಹುದು. ನಾನು ಪಾಠ ಹೇಳುತ್ತಿದ್ದ ಖಾಸಗಿ ಕಾಲೇಜಿನಲ್ಲಿ ನನ್ನ ಗುತ್ತಿಗೆ ಮುಂದುವರಿಯದೆ ಹೋಗಿ, ಮನೆಪಾಠದ ಆದಾಯವನ್ನೇ ನಂಬಿಕೊಂಡ ಹೊಸತರಲ್ಲಿ, 2025ರ ಆರಂಭದಲ್ಲಿ, ನಾನೂ ನನ್ನ ಹೆಂಡತಿಯೂ ಕೂತು ಮಾಡಿದ ಲೆಕ್ಕವನ್ನು ಇಲ್ಲಿ ನಿನಗಾಗಿ ಬಿಡಿಸಿ ಬರೆಯುತ್ತಿದ್ದೇನೆ. ಅಂದಿನ ದರಗಳು ಇಂದಿಗೆ ಬದಲಾಗಿರಬಹುದು, ಆದರೆ ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಮೊದಲು ಮಾಡಬೇಕಾದ ಕೆಲಸ ಒಂದೇ. ಬ್ಯಾಂಕಿನ ಪಾಸ್‌ಬುಕ್ಕನ್ನೋ ಯುಪಿಐ ಆ್ಯಪಿನ ಪಾವತಿಗಳ ಪಟ್ಟಿಯನ್ನೋ ಎದುರಿಗಿಟ್ಟುಕೊಂಡು, ಮನೆಯ ಪ್ರತಿಯೊಂದು ನಂಬರಿಗೂ ವರ್ಷಕ್ಕೆ ಎಷ್ಟು ಕಟ್ಟುತ್ತಿದ್ದೀರಿ ಎಂದು ಒಂದು ಹಾಳೆಯಲ್ಲಿ ಬರೆ. ತಿಂಗಳ ಲೆಕ್ಕ ಬೇಡ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ನಾವು ಕೊಳ್ಳುವ ಪ್ಯಾಕು ತಿಂಗಳಿನದಲ್ಲ, 28 ದಿನಗಳದು. ಹನ್ನೆರಡು ತಿಂಗಳಿಗೆ ಹದಿಮೂರು ಸಲ ಕಟ್ಟುತ್ತೇವೆ. ಮನೆಯಲ್ಲಿ ನಾಲ್ಕು ನಂಬರುಗಳಿದ್ದರೆ ವರ್ಷಕ್ಕೆ ನಾಲ್ಕು ರೀಚಾರ್ಜು ಹೆಚ್ಚಾಯಿತು. ಜನ ಇದರ ಬಗ್ಗೆ ದೂರಿದ ಮೇಲೆಯೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿ, 30 ದಿನಗಳ ಪ್ಯಾಕನ್ನೂ, ಪ್ರತಿ ತಿಂಗಳು ಒಂದೇ ತಾರೀಖಿಗೆ ನವೀಕರಿಸಬಹುದಾದ ಪ್ಯಾಕನ್ನೂ ಪ್ರತಿಯೊಂದು ಕಂಪನಿಯು ಕನಿಷ್ಠ ಒಂದೊಂದಾದರೂ ಇಟ್ಟಿರಬೇಕೆಂದು ಹೇಳಿತು. ಅಂಗಡಿಯವರು ತಾವಾಗಿ ಅದನ್ನು ಹೇಳುವುದು ಅಪರೂಪ, ನಾವೇ ಕೇಳಬೇಕು.

ನಮ್ಮ ಮನೆಯ ಹಾಳೆ ಹೀಗಿತ್ತು. ನನ್ನದು ಮತ್ತು ಮಗಳದು ದಿನಕ್ಕೆ 2 ಜಿಬಿಯ 349 ರೂಪಾಯಿಯ ಪ್ಯಾಕು. ಹೆಂಡತಿಯದು ಮತ್ತು ಅಮ್ಮನದು ದಿನಕ್ಕೆ 1.5 ಜಿಬಿಯ 299 ರೂಪಾಯಿಯದು. ನನ್ನ ಫೋನಿನ ಎರಡನೆಯ ಸಿಮ್ಮಿಗೆ 189 ರೂಪಾಯಿಯದು. ಇವುಗಳ ಮೇಲೆ ಮನೆಗೆ 100 ಎಂಬಿಪಿಎಸ್ ವೇಗದ ಬ್ರಾಡ್‌ಬ್ಯಾಂಡು, ತಿಂಗಳಿಗೆ 699 ರೂಪಾಯಿ ಮತ್ತು ತೆರಿಗೆ. ಎಲ್ಲವನ್ನೂ ಕೂಡಿದಾಗ ವರ್ಷಕ್ಕೆ 29,203 ರೂಪಾಯಿ ಆಯಿತು. ಹೆಂಡತಿ ಎರಡು ಸಲ ಕೂಡಿ ನೋಡಿದಳು. ಮುನ್ನೂರು, ಇನ್ನೂರು ಎಂದು ಬೇರೆ ಬೇರೆ ದಿನ, ಬೇರೆ ಬೇರೆಯವರ ಕೈಯಿಂದ ಹೋಗುತ್ತಿದ್ದ ಹಣ ಒಂದೆಡೆ ಕೂಡಿದ್ದನ್ನು ನಾವು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. 2024ರ ಜುಲೈ ಮೊದಲ ವಾರದಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ದರ ಏರಿಸಿ, ಜಿಯೋದಲ್ಲಿ 239 ರೂಪಾಯಿ ಇದ್ದ ಪ್ಯಾಕು 299 ಆದಾಗ ಎಲ್ಲರ ಹಾಗೆ ನಾವೂ ಗೊಣಗಿ ಸುಮ್ಮನಾಗಿದ್ದೆವು.

ಆ ಹಾಳೆಯನ್ನು ಮುಂದಿಟ್ಟುಕೊಂಡಾಗ ನಮಗೆ ಕಂಡ ಮುಖ್ಯ ಸಂಗತಿಯನ್ನು ನಿನಗೆ ಹೇಳಲೇಬೇಕು: ನಾವು ಒಂದೇ ವಸ್ತುವಿಗೆ ಎರಡು ಸಲ ಹಣ ಕೊಡುತ್ತಿದ್ದೆವು. ಹಿತ್ತಿಲಲ್ಲಿ ತುಂಬಿದ ಬಾವಿ ಇಟ್ಟುಕೊಂಡು ಟ್ಯಾಂಕರಿನ ನೀರನ್ನೂ ತರಿಸುವ ಹಾಗೆ, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೂ ಪ್ರತಿಯೊಬ್ಬರ ಫೋನಿನಲ್ಲಿಯೂ ದಿನಕ್ಕೆ ಒಂದೂವರೆ ಎರಡು ಜಿಬಿ ಡೇಟಾ ಬಂದು, ಮಧ್ಯರಾತ್ರಿಗೆ ಬಳಸದೆಯೇ ಮುಗಿದುಹೋಗುತ್ತಿತ್ತು. ಫೋನಿನ ಸೆಟ್ಟಿಂಗ್ಸಿನಲ್ಲಿ ಮೊಬೈಲ್ ಡೇಟಾ ಎಷ್ಟು, ವೈಫೈ ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸುವ ಜಾಗ ಇದೆ. ಅದನ್ನು ಮನೆಯ ಎಲ್ಲರ ಫೋನಿನಲ್ಲಿಯೂ ತೆರೆದು ನೋಡು. ನನ್ನ ಹೆಂಡತಿ ಮನೆಯ ಹೊರಗೆ ಇಡೀ ತಿಂಗಳಲ್ಲಿ ಬಳಸಿದ್ದು ಒಂದು ಜಿಬಿಗಿಂತ ಕಡಿಮೆ: ತರಕಾರಿ ಅಂಗಡಿಯಲ್ಲಿ ಹಣ ಕಳುಹಿಸುವುದಕ್ಕೆ, ಬಸ್ಸಿನಲ್ಲಿ ಕೂತು ವಾಟ್ಸ್ಯಾಪ್ ನೋಡುವುದಕ್ಕೆ ಅಷ್ಟೇ. ನನ್ನದೂ ಅದಕ್ಕಿಂತ ತುಸು ಹೆಚ್ಚು. ಹೀಗಾಗಿ ನಾವಿಬ್ಬರೂ 28 ದಿನಕ್ಕೆ ಒಟ್ಟು 2 ಜಿಬಿ ಮತ್ತು ಅನಿಯಮಿತ ಕರೆಗಳಿರುವ 189 ರೂಪಾಯಿಯ ಪ್ಯಾಕಿಗೆ ಬಂದೆವು. ಅದೊಂದರಿಂದಲೇ ವರ್ಷಕ್ಕೆ 3,510 ರೂಪಾಯಿ ಉಳಿಯಿತು, ಮತ್ತು ನಮ್ಮ ದಿನಚರಿಯಲ್ಲಿ ಏನೂ ಬದಲಾಗಲಿಲ್ಲ.

ಮಗಳ ಪ್ಯಾಕನ್ನು ಮುಟ್ಟಲಿಲ್ಲ. ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ, ಅಲ್ಲಿ ವೈಫೈ ಇಲ್ಲ, ಪಾಠದ ವಿಡಿಯೊಗಳನ್ನು ಫೋನಿನಲ್ಲಿಯೇ ನೋಡಬೇಕು. ಜುಲೈ 2024ರ ನಂತರ ಜಿಯೋ ಮತ್ತು ಏರ್‌ಟೆಲ್‌ಗಳಲ್ಲಿ ಮಿತಿಯಿಲ್ಲದ 5ಜಿ ಸಿಗುತ್ತಿದ್ದುದು ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಹೆಚ್ಚಿನ ಪ್ಯಾಕುಗಳಿಗೆ ಮಾತ್ರವಾದ್ದರಿಂದ, ಅವಳ ಪ್ಯಾಕನ್ನು ಐವತ್ತು ರೂಪಾಯಿ ಇಳಿಸಿದರೆ ಓದಿಗೆ ತೊಂದರೆಯಾಗುತ್ತಿತ್ತು. ನಿನ್ನ ಮಗನೂ ಹಾಸ್ಟೆಲಿನಲ್ಲಿದ್ದಾನೆ; ಅವನೊಂದಿಗೆ ಮಾತನಾಡದೆ ಅವನ ಪ್ಯಾಕನ್ನು ಬದಲಿಸಬೇಡ. ಮನೆಯ ಕಷ್ಟ ಅವನಿಗೂ ಗೊತ್ತಿರಲಿ, ಆದರೆ ಅದರ ಭಾರ ಅವನ ಓದಿನ ಮೇಲೆ ಬೀಳದಿರಲಿ.

ಇನ್ನು ಅಮ್ಮನ ವಿಷಯ. ನನ್ನ ಅಮ್ಮನ ಹತ್ತಿರ ಇರುವುದು ಗುಂಡಿಗಳಿರುವ ಸಣ್ಣ ಫೋನು. ಅದರಲ್ಲಿ ಇಂಟರ್ನೆಟ್ಟೇ ಇಲ್ಲ. ಹಾಗಿದ್ದರೂ ವರ್ಷಗಳ ಕಾಲ ಅವಳ ನಂಬರಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಹಾಕಿಸುತ್ತಾ ಬಂದಿದ್ದೆವು, ಏಕೆಂದರೆ ಡೇಟಾ ಇಲ್ಲದ ಉದ್ದನೆಯ ಪ್ಯಾಕು ಎಲ್ಲಿಯೂ ಕಾಣುತ್ತಿರಲಿಲ್ಲ. ಎಷ್ಟೋ ಹಿರಿಯರ ಸ್ಥಿತಿ ಇದೇ ಆಗಿತ್ತು. 2024ರ ಡಿಸೆಂಬರ್ 23ರಂದು ಟ್ರಾಯ್ ತನ್ನ ಗ್ರಾಹಕ ಸಂರಕ್ಷಣಾ ನಿಯಮಗಳನ್ನು ತಿದ್ದಿ, ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರವೇ ಬೇರೆ ಪ್ಯಾಕನ್ನು ಕಂಪನಿಗಳು ಕೊಡಲೇಬೇಕೆಂದು ಹೇಳಿತು. ಇಂಥ ವಿಶೇಷ ಪ್ಯಾಕುಗಳ ಅವಧಿಯ ಮಿತಿಯನ್ನೂ 90 ದಿನಗಳಿಂದ 365 ದಿನಗಳಿಗೆ ಏರಿಸಿತು. ಮರುತಿಂಗಳೇ ಅವು ಬಂದವು. ಅಮ್ಮನ ನಂಬರಿಗೆ 1,849 ರೂಪಾಯಿ ಕಟ್ಟಿ ಇಡೀ ವರ್ಷದ ಕರೆಗಳನ್ನು ಒಮ್ಮೆಗೇ ಮುಗಿಸಿದೆವು. ಹಿಂದೆ ಅದಕ್ಕೆ ಹೋಗುತ್ತಿದ್ದುದು 3,887 ರೂಪಾಯಿ. ಹಣ ಉಳಿದದ್ದಕ್ಕಿಂತ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಬೇರೆ. ಪ್ಯಾಕು ಮುಗಿದದ್ದು ನಮಗೆ ತಿಳಿಯದೆ ಅವಳ ಫೋನಿನಿಂದ ಕರೆ ಹೋಗದಿದ್ದ ದಿನಗಳು ಹಿಂದೆ ಇದ್ದವು, ತೀರ್ಥಹಳ್ಳಿಯ ಚಿಕ್ಕಮ್ಮನಿಗೆ ಫೋನು ಹತ್ತುತ್ತಿಲ್ಲ ಎಂದು ಅವಳು ಮಧ್ಯಾಹ್ನವೆಲ್ಲ ಅದನ್ನು ಕೈಯಲ್ಲಿ ಹಿಡಿದು ಕೂತಿರುತ್ತಿದ್ದಳು. ಈಗ ಆ ಚಿಂತೆ ಇಲ್ಲ. ನಿನ್ನ ಅಮ್ಮನಿಗೂ ಇದನ್ನೇ ಮೊದಲು ಮಾಡಿಸು. ಇಂಥ ಪ್ಯಾಕುಗಳು ಕಂಪನಿಯ ಆ್ಯಪಿನಲ್ಲಿ ಮೇಲ್ಗಡೆ ಕಾಣುವುದಿಲ್ಲ, ಪಟ್ಟಿಯನ್ನು ಕೊನೆಯವರೆಗೂ ನೋಡಬೇಕು.

ಆದರೆ ಉದ್ದನೆಯ ಪ್ಯಾಕುಗಳ ಬಗ್ಗೆ ಒಂದು ಎಚ್ಚರದ ಮಾತು. ದಿನದ ಲೆಕ್ಕದಲ್ಲಿ 84 ದಿನಗಳದೂ 365 ದಿನಗಳದೂ ಸಾಮಾನ್ಯವಾಗಿ ಅಗ್ಗವೇ, ಆದರೆ ಒಂದೇ ಗಂಟಿನಲ್ಲಿ ಹಣ ಬೇಕು. ಕೈಯಲ್ಲಿ ಇಲ್ಲದ ಹಣವನ್ನು ಸಾಲ ತಂದೋ ಕ್ರೆಡಿಟ್ ಕಾರ್ಡಿನಿಂದಲೋ ಕಟ್ಟಿದರೆ ಉಳಿತಾಯ ಬಡ್ಡಿಗೆ ಹೋಗುತ್ತದೆ. ನಾವು ಅಮ್ಮನ ಪ್ಯಾಕಿಗಾಗಿ ತಿಂಗಳಿಗೆ ನೂರೈವತ್ತೈದು ರೂಪಾಯಿಯನ್ನು ಡಬ್ಬದಲ್ಲಿ ತೆಗೆದಿಡುತ್ತೇವೆ. ನಿನಗೆ ಬೋನಸ್ಸು ಬರುವ ತಿಂಗಳಲ್ಲಿ ಮನೆಯ ಒಂದೆರಡು ನಂಬರುಗಳನ್ನು ಹೀಗೆ ಮುಗಿಸಿಕೊಳ್ಳಬಹುದು.

ಬ್ರಾಡ್‌ಬ್ಯಾಂಡಿನಲ್ಲಿ ಉಳಿದದ್ದು ಎಲ್ಲಕ್ಕಿಂತ ದೊಡ್ಡ ಮೊತ್ತ. ಮೊಬೈಲಿನ ಪ್ರಿಪೇಯ್ಡ್ ದರದಲ್ಲಿ ತೆರಿಗೆ ಸೇರಿರುತ್ತದೆ, ಬ್ರಾಡ್‌ಬ್ಯಾಂಡಿನ ಜಾಹೀರಾತಿನ ದರದಲ್ಲಿ ಬಹುಮಟ್ಟಿಗೆ ಸೇರಿರುವುದಿಲ್ಲ. 699 ಎಂದು ಬರೆದದ್ದಕ್ಕೆ ಶೇ. 18ರ ಜಿಎಸ್‌ಟಿ ಸೇರಿ ನಾವು ಕಟ್ಟುತ್ತಿದ್ದುದು 825 ರೂಪಾಯಿ. 100 ಎಂಬಿಪಿಎಸ್ ನಮಗೆ ಬೇಕಿತ್ತೇ ಎಂದು ಕೇಳಿಕೊಂಡೆವು. ಸ್ಪಷ್ಟವಾದ ಎಚ್‌ಡಿ ವಿಡಿಯೊ ನೋಡಲು 5 ಎಂಬಿಪಿಎಸ್ ಸಾಕಾಗುತ್ತದೆ. ನಾನು ಆನ್‌ಲೈನಿನಲ್ಲಿ ಗಣಿತದ ಪಾಠ ಮಾಡುವ ಹೊತ್ತಿಗೆ ಹೆಂಡತಿ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದರೂ, ರಜೆಗೆ ಬಂದ ಮಗಳು ಇನ್ನೊಂದು ಕೋಣೆಯಲ್ಲಿ ಏನನ್ನೋ ನೋಡುತ್ತಿದ್ದರೂ, ಎಲ್ಲ ಸೇರಿ ಇಪ್ಪತ್ತನ್ನು ಮೀರುವುದಿಲ್ಲ. 399 ರೂಪಾಯಿಯ 30 ಎಂಬಿಪಿಎಸ್‌ಗೆ ಇಳಿದೆವು, ತೆರಿಗೆ ಸೇರಿ 471. ವರ್ಷಕ್ಕೆ 4,248 ರೂಪಾಯಿ ಉಳಿಯಿತು. ಮೊದಲ ವಾರ ಅಮ್ಮನ ಕೋಣೆಯಲ್ಲಿ ನಿಧಾನ ಎನ್ನಿಸಿತು, ಆದರೆ ಅದಕ್ಕೆ ಕಾರಣ ವೇಗವಲ್ಲ. ರೂಟರನ್ನು ಹಾಲ್‌ನ ಮೂಲೆಯಲ್ಲಿ, ಶೋಕೇಸಿನೊಳಗೆ, ಟಿವಿಯ ಹಿಂದೆ ಇಟ್ಟಿದ್ದೆವು. ಅದನ್ನು ಹೊರತೆಗೆದು ನಡುಮನೆಯ ಗೋಡೆಯ ಮೇಲೆ ಎತ್ತರಕ್ಕೆ ಹಾಕಿಸಿದ ಮೇಲೆ ತೊಂದರೆ ನಿಂತಿತು. ಹಾಸ್ಟೆಲಿನ ಮಗನನ್ನು ಬಿಟ್ಟರೆ ನಿಮ್ಮ ಮನೆಯಲ್ಲಿ ಇರುವುದು ಮೂವರೇ. ನಿಮ್ಮ ಬಳಕೆ ಫೋನಿನಲ್ಲಿಯೇ ಮುಗಿಯುವಷ್ಟು ಕಡಿಮೆಯಿದ್ದರೆ, ಒಂದು ಫೋನಿಗೆ ಮಾತ್ರ ದೊಡ್ಡ ಪ್ಯಾಕು ಹಾಕಿಸಿ ಹಾಟ್‌ಸ್ಪಾಟಿನಿಂದ ಉಳಿದವರಿಗೆ ಕೊಟ್ಟು ಬ್ರಾಡ್‌ಬ್ಯಾಂಡನ್ನೇ ಬಿಡುವುದೂ ಒಂದು ದಾರಿ. ಬಿಡುವುದಾದರೆ ರೂಟರನ್ನು ಹಿಂದಿರುಗಿಸಿ ರಸೀದಿ ಪಡೆ, ಠೇವಣಿ ಕಟ್ಟಿದ್ದರೆ ಅದನ್ನು ಕೇಳಿ ವಾಪಸು ಪಡೆ.

ಎರಡನೆಯ ಸಿಮ್ಮನ್ನು ಬಿಡಿಸುವುದು ಮಾತ್ರ ಸುಲಭವಾಗಲಿಲ್ಲ, ಈ ವಿಷಯದಲ್ಲಿ ನೀನು ಅವಸರ ಮಾಡಬಾರದು. ಆ ಹಳೆಯ ನಂಬರು ನನ್ನ ಬ್ಯಾಂಕಿಗೆ, ಆಧಾರಿಗೆ, ಭವಿಷ್ಯನಿಧಿಗೆ, ಗ್ಯಾಸ್ ಬುಕ್ಕಿಂಗಿಗೆ ಸೇರಿಕೊಂಡಿತ್ತು. ರೀಚಾರ್ಜು ಇಲ್ಲದೆ ಬಳಕೆ ನಿಂತ ನಂಬರನ್ನು ಕಂಪನಿ ರದ್ದುಮಾಡಿ, ಕೆಲವು ಕಾಲದ ನಂತರ ಬೇರೆಯವರಿಗೆ ಕೊಡುತ್ತದೆ; ಆಗ ನಿನ್ನ ಬ್ಯಾಂಕಿನ ಒಟಿಪಿ ಅಪರಿಚಿತರ ಕೈಗೆ ಹೋಗುತ್ತದೆ. ನಾನು ಎರಡು ತಿಂಗಳು ಆ ಸಿಮ್ಮಿಗೆ ರೀಚಾರ್ಜು ಮುಂದುವರಿಸಿ, ಬ್ಯಾಂಕಿನ ಶಾಖೆಗೂ ಆಧಾರ್ ಕೇಂದ್ರಕ್ಕೂ ಖುದ್ದಾಗಿ ಹೋಗಿ ಎಲ್ಲ ಕಡೆ ನಂಬರು ಬದಲಿಸಿ, ಆಮೇಲೆ ಬಿಟ್ಟೆ. ನಿನ್ನ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ನಿನ್ನದಲ್ಲದ್ದು ಕಂಡರೆ ಅಲ್ಲಿಯೇ ತಿಳಿಸಬಹುದು.

ಕಂಪನಿ ಬದಲಿಸುವ ಯೋಚನೆ ನಿನಗಿದೆ ಎಂದು ಬರೆದಿದ್ದೀಯ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿನ್ನ ಹತ್ತಂಕಿಯ ನಂಬರನ್ನು ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಹೊಸ ಕಂಪನಿಗೆ ಕೊಡಬೇಕಾದ ಎಂಟು ಅಕ್ಷರಗಳ ಒಂದು ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದು ನಾಲ್ಕು ದಿನಗಳವರೆಗೆ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಪೋಸ್ಟ್‌ಪೇಯ್ಡ್ ಆದರೆ ಬಾಕಿ ಇರಬಾರದು. ಉಳಿದ ಪ್ಯಾಕು ಮತ್ತು ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲವಾದ್ದರಿಂದ ಪ್ಯಾಕು ಮುಗಿಯುವ ವಾರದಲ್ಲಿ ಮಾಡು. ಬಿಎಸ್ಸೆನ್ನೆಲ್ 2024ರ ಜುಲೈಯಲ್ಲಿ ಉಳಿದವರ ಜೊತೆ ದರ ಏರಿಸಲಿಲ್ಲ, ದೇಶದಲ್ಲಿಯೇ ತಯಾರಾದ ಅದರ 4ಜಿ ಜಾಲವನ್ನು 2025ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದ್ದಾರೆ. ಆದರೂ ನಿನ್ನ ಮನೆಯೊಳಗೆ, ಕಾರ್ಖಾನೆಯೊಳಗೆ, ಊರಿನ ತೋಟದಲ್ಲಿ ಸಿಗ್ನಲ್ ಹೇಗಿದೆ ಎಂದು ಅಕ್ಕಪಕ್ಕದವರ ಫೋನಿನಲ್ಲಿ ನೋಡದೆ ಹೋಗಬೇಡ.

ಸಣ್ಣ ಸೋರಿಕೆಗಳೂ ಇವೆ. ಯುಪಿಐ ಆ್ಯಪಿನಲ್ಲಿ ಆಟೊಪೇ ಎಂಬ ಕಡೆ ಹೋಗಿ ನೋಡು. ಯಾವಾಗಲೋ ಒಂದು ರೂಪಾಯಿಗೆ ಶುರುಮಾಡಿದ ಸಿನಿಮಾ ಆ್ಯಪು ತಿಂಗಳು ತಿಂಗಳು ಹಣ ಎಳೆಯುತ್ತಿರಬಹುದು, ಅದನ್ನು ಅಲ್ಲಿಂದಲೇ ನಿಲ್ಲಿಸಬಹುದು. ಕೆಲವು ಆ್ಯಪುಗಳು ಪ್ರತಿ ರೀಚಾರ್ಜಿಗೂ ಒಂದೆರಡು ರೂಪಾಯಿ ಶುಲ್ಕ ಸೇರಿಸುತ್ತವೆ. ಕಂಪನಿಯ ಸ್ವಂತ ಆ್ಯಪಿನಲ್ಲಿ ಕಟ್ಟಿ ನೋಡು. ಅಮ್ಮನ ಬ್ಯಾಲೆನ್ಸಿನಿಂದ ಕೇಳದ ಹಾಡಿಗೋ ಜ್ಯೋತಿಷ್ಯಕ್ಕೋ ಹಣ ಕಡಿತವಾಗುತ್ತಿದ್ದರೆ 155223ಕ್ಕೆ ಕರೆಮಾಡಿ ನಿಲ್ಲಿಸಬಹುದು. ದೂರು ಇದ್ದರೆ 198ಕ್ಕೆ ಫೋನು ಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೋ.

ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ವರ್ಷದ ಖರ್ಚು 16,950 ರೂಪಾಯಿಗೆ ಬಂದು ನಿಂತಿತು, ಎಂದರೆ ತಿಂಗಳಿಗೆ ಸುಮಾರು ಸಾವಿರ ರೂಪಾಯಿ ಉಳಿಯಿತು. ಅಮ್ಮನ ರಕ್ತದೊತ್ತಡದ ಮಾತ್ರೆಗಳು ಅದರಲ್ಲಿಯೇ ಬರುತ್ತಿವೆ.

ನೀನು ಆ ಹಾಳೆಯನ್ನು ಬರೆದು, ಪ್ರತಿ ನಂಬರಿನ ಎದುರಿಗೆ ಈಗಿನ ಪ್ಯಾಕು ಮುಗಿಯುವ ದಿನಾಂಕವನ್ನೂ ಹಾಕಿ ನನಗೆ ಕಳುಹಿಸು. ಭಾನುವಾರ ಬೆಳಿಗ್ಗೆ ನಾನೇ ಫೋನು ಮಾಡುತ್ತೇನೆ, ಅತ್ತಿಗೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ನೋಡೋಣ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಶಿವಮೊಗ್ಗದ ಗೆಳೆಯ