ಕೊಂಪಾಸ್ ಅಂದ್ರೆ ದಿಕ್ಸೂಚಿ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಸ್ಪೇನ್‌ನ ಫ್ಲಮೆಂಕೋ ಅನ್ನೋ ಹಾಡು-ಕುಣಿತದ ಕಲೆ ಬಗ್ಗೆ ಬಂದಿದ್ದ ಲೇಖನ ಓದಿ ಖುಷಿಯಾಯ್ತು, ಕನ್ನಡದಲ್ಲಿ ಇದ್ರ ಬಗ್ಗೆ ಬರೆಯೋರೇ ಕಡಿಮೆ. ಆದ್ರೆ ಅದ್ರಲ್ಲಿ ಒಂದ್ಕಡೆ ಹಾಡೋರಿಗೆ 'ದಿಕ್ಸೂಚಿ' ಗಟ್ಟಿ ಇರ್ಬೇಕು ಅಂತ ಇತ್ತು, ಎರಡು ಸಲ ಓದಿದ್ರೂ ತಲೆಬುಡ ಗೊತ್ತಾಗ್ಲಿಲ್ಲ, ಆಮೇಲೆ ಹೊಳೀತು, ಅಲ್ಲಿ 'ಕೊಂಪಾಸ್' ಅಂತ ಇರ್ಬೇಕಿತ್ತು, ಅದನ್ನ ಇಂಗ್ಲಿಷಿನ ಕಂಪಾಸ್ ಅಂದ್ಕೊಂಡು ಅನುವಾದ ಮಾಡ್ಬಿಟ್ಟಿದಾರೆ. ಸ್ಪ್ಯಾನಿಷ್‌ನಲ್ಲಿ ದಿಕ್ಸೂಚಿಗೆ ಬ್ರೂಹುಲಾ ಅನ್ನೋ ಬೇರೆ ಪದಾನೇ ಇದೆ. ಕೊಂಪಾಸ್ ಅಂದ್ರೆ ಜಾಮಿಟ್ರಿ ಬಾಕ್ಸ್‌ನಲ್ಲಿರೋ ಕೈವಾರ, ಮತ್ತೆ ಸಂಗೀತಕ್ಕೆ ಬಂದ್ರೆ ಮತ್ತೆ ಮತ್ತೆ ಸುತ್ತಿ ಬರೋ ಎಣಿಕೆಯ ಆವರ್ತ. ಅಲ್ಲಿನ ಮಾಮೂಲಿ ಸಂಗೀತ ಪಾಠದಲ್ಲಿ ಒಂದು ಬಾರ್‌ಗೂ, ಅಂದ್ರೆ ಸ್ವರಲಿಪಿಯಲ್ಲಿ ಎರಡು ಗೆರೆ ನಡುವಿನ ಭಾಗಕ್ಕೂ, ಕೊಂಪಾಸ್ ಅಂತಾರೆ, ಅದಿರ್ಲಿ, ಫ್ಲಮೆಂಕೋದವರ ಬಾಯಲ್ಲಿ ಆ ಪದದ ತೂಕಾನೇ ಬೇರೆ.

ನಾನು ಕೆಲಸದ ಮೇಲೆ ಎರಡು ವರ್ಷ ಸ್ಪೇನ್‌ನ ಸೆವಿಯಾ ಊರಲ್ಲಿದ್ದೆ, ಸಂಜೆ ಹೊತ್ತು ಗಿಟಾರ್ ಕ್ಲಾಸಿಗೆ ಹೋಗ್ತಿದ್ದೆ. ಮೊದಲ ತಿಂಗಳು ಮೇಷ್ಟ್ರು ಗಿಟಾರ್ ಮುಟ್ಟೋಕೇ ಬಿಡ್ಲಿಲ್ಲ. ಬೋರ್ಡ್ ಮೇಲೆ ಹನ್ನೆರಡು ಎಣಿಕೆಗೆ ಒಂದು ಗಡಿಯಾರ ಬರೆದು 12, 3, 6, 8, 10 ಇವಕ್ಕೆ ಕೆಂಪು ಚಾಕ್‌ಪೀಸಲ್ಲಿ ಸುತ್ತು ಹಾಕಿ, ಬೆರಳಿನ ಗೆಣ್ಣಲ್ಲಿ ಮರದ ಟೇಬಲ್ ಕುಟ್ಟೋಕೆ ಹೇಳಿದ್ರು, ಸುತ್ತು ಹಾಕಿದ ಕಡೆ ಜೋರಾಗಿ, ಉಳಿದಿದ್ದು ಮೆತ್ತಗೆ. ಫ್ಲಮೆಂಕೋದಲ್ಲಿ ಸೋಲೆಯಾ ಅನ್ನೋ ಬಗೆಯ ಹಾಡನ್ನ 1ರಿಂದ ಎಣಿಸ್ತಾರೆ, ಮೊದಲ ಒತ್ತು ಬೀಳೋದೇ 3ಕ್ಕೆ. ಬುಲೆರಿಯಾ ಅನ್ನೋ ಇನ್ನೊಂದು ಬಗೆಗೆ 12ರಿಂದ ಶುರು, ವೇಗ ಜಾಸ್ತಿ. ಸೆಗಿರಿಯಾ ಅನ್ನೋ ಮೂರನೇ ಬಗೆ 8ರಿಂದ ಹಿಡಿದು ಸುತ್ತಿದ್ರೆ ಎರಡು, ಎರಡು, ಮೂರು, ಮೂರು, ಎರಡು ಅಂತ ಕುಂಟ್ತಾ ಬರುತ್ತೆ. ಅದೇ ಗಡಿಯಾರ, ಅದೇ ಐದು ಗುರುತು, ಹಿಡಿಯೋ ಜಾಗ ಬದಲಾದ್ರೆ ಹಾಡಿನ ಮನಸ್ಸೇ ಬದಲಾಗುತ್ತೆ, ನಂಗೆ ಮೈ ಜುಮ್ ಅಂದಿದ್ದು ಅಲ್ಲೇ.

ಹಾಗಂತ ಸೀದಾ 'ತಾಳ' ಅಂತ ಬರೆದ್ರೂ ಪೂರ್ತಿ ಸರಿಹೋಗಲ್ಲ. ನಮ್ಮ ಕಿವಿ ಸಮಕ್ಕೆ, ಅಂದ್ರೆ ಆವರ್ತದ ಮೊದಲ ಎಣಿಕೆಗೆ, ಕಾಯುತ್ತೆ. ಚಿಕ್ಕಂದಿನಲ್ಲಿ ತೊಡೆ ತಟ್ಟಿ ಆದಿತಾಳ ಕಲ್ತ ನಾನು ಸೋಲೆಯಾದಲ್ಲಿ 12 ಮುಗಿಸಿ ಒಂದರ ಮೇಲೆ ಬಂದು ನಿಲ್ತಿದ್ದೆ, ಮೇಷ್ಟ್ರು 'ಫುವೆರಾ' ಅಂತಿದ್ರು, ಅಂದ್ರೆ ಹೊರಗೆ ಬಿದ್ದೆ ಅಂತ. ಅಲ್ಲಿ ಗಿಟಾರ್ ಸಾಮಾನ್ಯವಾಗಿ 10ಕ್ಕೇ ಬಂದು ಕೂರುತ್ತೆ, 11, 12 ಬರೀ ಉಸಿರಾಡೋಕೆ ಬಿಟ್ಟ ಹಾಗೆ. ಇದು ಮೈಗೆ ಹತ್ತೋಕೆ ನಂಗೆ ಆರು ತಿಂಗಳು ಹಿಡೀತು.

ಇನ್ನೊಂದು ವಿಷ್ಯ, ಅಲ್ಲಿ 'ಅವನಿಗೆ ಕೊಂಪಾಸ್ ಇದೆ' ಅಂತಾರೆ, ನಾವು 'ಅವ್ನಿಗೆ ಲಯ ಗಟ್ಟಿ' ಅನ್ನಲ್ವಾ ಹಂಗೆ. ಅಂದ್ರೆ ತಾಳ, ಲಯ ಎರಡನ್ನೂ ಆ ಒಂದೇ ಪದ ಹೊತ್ಕೊಂಡಿದೆ. ಪಕ್ಕದಲ್ಲಿ ಕೂತು ಚಪ್ಪಾಳೆ ಹಾಕೋರು ಇರ್ತಾರಲ್ಲ, ಅಂಗೈ ಬೋಗುಣಿ ಥರ ಮಾಡಿ ಮೆತ್ತಗೆ ತಟ್ಟೋದಕ್ಕೆ ಸೋರ್ದಾಸ್, ಬೆರಳು ಚಾಚಿ ಚಟಚಟ ಅನ್ನಿಸೋದಕ್ಕೆ ಕ್ಲಾರಾಸ್, ಆ ಕೊಂಪಾಸ್ ಹಿಡಿದು ನಿಲ್ಸೋದು ಅವ್ರೇ, ಲೇಖನದಲ್ಲಿ ಅವ್ರ ಬಗ್ಗೆ ಒಂದು ಸಾಲೂ ಇರ್ಲಿಲ್ಲ ಅನ್ನೋದು ನಂಗೆ ದಿಕ್ಸೂಚಿಗಿಂತ ಜಾಸ್ತಿ ಬೇಜಾರಾಯ್ತು. ಮತ್ತೆ ಕೊಂಪಾಸ್ ಇಲ್ದೆ ಫ್ಲಮೆಂಕೋನೇ ಇಲ್ಲ ಅಂತ ಬರೆದಿದ್ದೂ ಸರಿಯಲ್ಲ, ತೊನಾ ಅನ್ನೋ ಹಳೇ ಹಾಡುಗಳಿವೆ, ಗಿಟಾರ್ ಇಲ್ದೆ, ಎಣಿಕೆ ಇಲ್ದೆ, ನಮ್ಮ ಆಲಾಪನೆ ಹಂಗೆ ಬಿಡಿಯಾಗಿ ಹಾಡ್ತಾರೆ.

2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ ಇದು, ಇನ್ಮುಂದೆನೂ ಬರೀತಿರ್ತೀರಿ ಅಂದ್ಕೊಂಡಿದೀನಿ. ಆ ಪದಾನ ಕೊಂಪಾಸ್ ಅಂತಾನೇ ಬಿಟ್ಟು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡಿ, ಮುಂದಿನ ಭಾನುವಾರ ಒಂದು ಸಣ್ಣ ತಿದ್ದುಪಡಿನೂ ಹಾಕಿ ದಯವಿಟ್ಟು.

ಇಂತಿ,
ನಿಮ್ಮ ಹಳೇ ಓದುಗ, ಮೈಸೂರು